ಮಕ್ಕಳ ಕಾಲಿಗೆ ಊರಿನ ಗುಡ್ಡೆ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗಾಗಿ ಸಂಪಾದಕ ಮಂಡಳಿಯ ಮಿತ್ರರು ನನ್ನಿಂದ ಅಪೇಕ್ಷಿಸಿದ್ದು ಗಡಿನಾಡಿನಲ್ಲಿ ಕನ್ನಡದ ಭವಿಷ್ಯವನ್ನು ಕುರಿತ ಒಂದು ಲೇಖನವನ್ನು. ಆ ವಿಷಯದಲ್ಲಿ ನನಗಿಂತ ಬಲ್ಲವರು ಇದೇ ಸಂಚಿಕೆಯಲ್ಲಿ ಬರೆದಿರುವರು. 1956ರ ನವೆಂಬರ್ ಒಂದರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ಬೇರ್ಪಟ್ಟ ಕಥೆಯನ್ನು ನಾವು ಎಷ್ಟೋ ವೇದಿಕೆಗಳಲ್ಲಿ ಕೇಳಿದ್ದೇವೆ, ಹೇಳಿಯೂ ಇದ್ದೇವೆ. ನಾನು ಬರೆಯಹೊರಟಿರುವುದು ಗುಡ್ಡೆ ಹತ್ತುವ ವಿಚಾರವನ್ನು. ಎಪ್ಪತ್ತು ದಾಟಿದ ಮುದುಕನಿಗೆ ಇದೆಂತಹ ಹುಡುಗಾಟಿಕೆ ಎಂದು ಹುಬ್ಬೇರಿಸುವವರು ಒಂದೆರಡು ಪುಟ ತಾಳ್ಮೆಯಿಂದ ಓದಬೇಕೆಂದು ವಿನಂತಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸುವ ಯಾವ ಮಗುವೂ ತನ್ನ ಊರಿನ ಗುಡ್ಡೆಯೊಂದನ್ನು ಕಾಲ್ನಡಿಗೆಯಲ್ಲಿ ಹತ್ತಿ ಇಳಿಯದೆ ಶಾಲೆ ಬಿಟ್ಟು ಹೋಗಬಾರದು. ವರ್ಷಕ್ಕೊಮ್ಮೆ ಪ್ರತಿಯೊಂದು ತರಗತಿಯನ್ನೂ ಅದರ ವಯಸ್ಸಿಗೆ ತಕ್ಕ ಒಂದು ಬೆಟ್ಟಕ್ಕೆ ಕರೆದೊಯ್ಯುವುದು ಶಾಲೆಯ ಕ್ರಮವಾಗಬೇಕು. ಜೊತೆಯಲ್ಲಿ ತಂದೆತಾಯಂದಿರು, ಸಾಧ್ಯವಾದರೆ ಅಜ್ಜ ಅಜ್ಜಿಯರು ಕೂಡ ಬರಬೇಕು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಬೇಕಾದದ್ದು ಮನಸ್ಸು ಮತ್ತು ನಾಲ್ಕಾರು ಮಂದಿ ಹಿರಿಯರ ಕಾಲುಗಳು.

ಐವತ್ತು ವರ್ಷಗಳ ಹಿಂದೆ ಇಂತಹ ಮಾತನ್ನು ಯಾರಾದರೂ ಹೇಳಿದ್ದರೆ ಎಲ್ಲರೂ ನಕ್ಕುಬಿಡುತ್ತಿದ್ದರು. ಆಗ ಮಕ್ಕಳು ಶಾಲೆಗೆ ಬರುತ್ತಿದ್ದುದೇ ಗುಡ್ಡೆ ಹತ್ತಿ ಇಳಿದು. ಎರಡು ಮೂರು ಮೈಲು ದೂರದಿಂದ, ತೋಟದ ಬದಿಯ ಓಣಿ ಹಿಡಿದು, ಅಡಿಕೆ ಮರದ ಸಂಕ ದಾಟಿ, ಮುಳಿಹುಲ್ಲಿನ ಪದವಿನ ಮೇಲೆ ಸಾಲಾಗಿ ನಡೆದು ಬರುತ್ತಿದ್ದರು. ಬೇಸಗೆಯಲ್ಲಿ ಕುಂಟಾಲ ಹಣ್ಣು ತಿಂದ ನಾಲಿಗೆಗಳು ತರಗತಿಯಲ್ಲಿ ನೀಲಿಯಾಗಿ ಕಾಣುತ್ತಿದ್ದುವು. ಆ ಕಾಲವನ್ನು ಸುವರ್ಣಯುಗವೆಂದು ಹೊಗಳುವ ಉದ್ದೇಶ ನನಗಿಲ್ಲ. ಮಳೆಗಾಲದಲ್ಲಿ ತೋಡು ಉಕ್ಕಿತೆಂದರೆ ವಾರಗಟ್ಟಲೆ ಹಾಜರಿ ಪುಸ್ತಕದಲ್ಲಿ ಸೊನ್ನೆ ಬೀಳುತ್ತಿತ್ತು. ದಾರಿಯ ದೂರಕ್ಕೆ ಅಂಜಿ ಹೆಣ್ಣುಮಕ್ಕಳ ಓದನ್ನು ಐದನೆಯದಕ್ಕೆ ನಿಲ್ಲಿಸಿದ ಮನೆಗಳು ಹಲವು. ರಸ್ತೆ ಬಂತು, ಬಸ್ಸು ಬಂತು, ಈಗ ಶಾಲಾ ವಾಹನವೂ ಮನೆಯಂಗಳಕ್ಕೆ ಬರುತ್ತದೆ. ಇವೆಲ್ಲ ಬಂದುದು ಒಳ್ಳೆಯದೇ. ಆದರೆ ಮಗು ಈಗ ಗುಡ್ಡೆಯನ್ನು ನೋಡುವುದು ವಾಹನದ ಗಾಜಿನ ಮೂಲಕ. ಅದು ಮಗುವಿಗೆ ಗೋಡೆಯ ಮೇಲಿನ ಚಿತ್ರವಿದ್ದಂತೆ.

ವಾರ್ಷಿಕ ಪ್ರವಾಸವಿದೆಯಲ್ಲ ಎಂದು ಕೇಳುವವರಿದ್ದಾರೆ. ಮೈಸೂರಿನ ಅರಮನೆಯನ್ನೂ ಶ್ರವಣಬೆಳಗೊಳವನ್ನೂ ನಮ್ಮ ಮಕ್ಕಳು ಅವಶ್ಯ ನೋಡಬೇಕು. ಆದರೆ ಈಚಿನ ವರ್ಷಗಳಲ್ಲಿ ಪ್ರವಾಸವೆಂದರೆ ನೀರಾಟದ ಉದ್ಯಾನವೊಂದರಲ್ಲಿ ಹಗಲಿಡೀ ಕಳೆದು ರಾತ್ರಿ ಬಸ್ಸಿನಲ್ಲಿ ಹಾಡು ಹಾಕಿಕೊಂಡು ಮರಳುವುದು ಎಂಬಂತಾಗಿದೆ. ತಲೆಗೆ ಸಾವಿರಕ್ಕೂ ಮಿಕ್ಕಿದ ಹಣ ತೆರಬೇಕಾದಾಗ ತರಗತಿಯ ಐದಾರು ಮಕ್ಕಳು ‘ಹೊಟ್ಟೆನೋವು’ ಎಂದು ಹಿಂದುಳಿಯುತ್ತಾರೆ. ಆ ಹೊಟ್ಟೆನೋವಿನ ಅರ್ಥ ಅಧ್ಯಾಪಕರಾದವರಿಗೆಲ್ಲ ಗೊತ್ತು. ಗುಡ್ಡೆಗೆ ಪ್ರವೇಶ ಶುಲ್ಕವಿಲ್ಲ. ಇದ್ದಲ್ಲಿಯೂ ಅದು ಅತ್ಯಲ್ಪ.

ಯಾವ ಗುಡ್ಡೆ, ಯಾವ ವಯಸ್ಸಿಗೆ ಎಂಬುದೇ ಮುಖ್ಯವಾದ ಪ್ರಶ್ನೆ. ಎಳೆಯ ಕಾಲುಗಳಿಗೆ ಮೊದಲ ಸಲವೇ ಕಠಿಣವಾದ ಏರನ್ನು ಕೊಟ್ಟರೆ ಮಗು ಜೀವಮಾನವಿಡೀ ಬೆಟ್ಟವೆಂದರೆ ಮುಖ ತಿರುಗಿಸೀತು. ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಚಂದ್ರಗಿರಿ ಕೋಟೆ ಸಾಕು. ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಯ ಶಿವಪ್ಪ ನಾಯಕನು ಕಟ್ಟಿಸಿದನೆಂದು ಹೇಳಲಾಗುವ ಈ ಕೋಟೆ ಸಮುದ್ರ ಮಟ್ಟದಿಂದ ಸುಮಾರು ನೂರೈವತ್ತು ಅಡಿ ಎತ್ತರದಲ್ಲಿದೆ. ಆರು ವರ್ಷದ ಮಗು ಅಮ್ಮನ ಕೈಬೆರಳು ಹಿಡಿದು ನಿರಾಯಾಸವಾಗಿ ಹತ್ತಬಹುದು. ಮೇಲೆ ನಿಂತರೆ ಕೆಳಗೆ ನದಿ, ನದಿಯ ಎರಡೂ ದಡಗಳಲ್ಲಿ ತೆಂಗಿನ ತೋಟ, ಪಶ್ಚಿಮಕ್ಕೆ ಕಡಲು. ಹಿಂದಿನವರು ತುಳುನಾಡಿನ ತೆಂಕಣ ಎಲ್ಲೆಯೆಂದು ಎಣಿಸಿದ್ದು ಇದೇ ನದಿಯನ್ನು. ‘ಗಡಿ’ ಎಂಬ ಪದವನ್ನು ಭಾಷಣಗಳಲ್ಲಿ ಕೇಳಿ ಕೇಳಿ ಬೆಳೆಯುವ ನಮ್ಮ ಮಕ್ಕಳಿಗೆ ಆ ಗಡಿಯು ಹರಿಯುವ ನೀರೆಂದು, ಅದರ ಎರಡೂ ಬದಿಯಲ್ಲಿ ಒಂದೇ ಬಗೆಯ ತೆಂಗು ಬೆಳೆಯುತ್ತದೆಂದು ಕಣ್ಣಾರೆ ಕಾಣಿಸಬೇಕು.

ಮೂರು ಮತ್ತು ನಾಲ್ಕನೆಯ ತರಗತಿಯವರಿಗೆ ಊರಿನ ಪದವೇ ಯೋಗ್ಯ. ಹೆಸರುವಾಸಿಯಾದ ಸ್ಥಳವೇ ಬೇಕೆಂದಿಲ್ಲ. ಶಾಲೆಯ ಹಿಂದಿನ ಗುಡ್ಡೆಯೇ ಆದೀತು. ಆದರೆ ಹೋಗುವ ಕಾಲವನ್ನು ನೋಡಿಕೊಳ್ಳಬೇಕು. ಮಳೆ ಹಿಂದೆ ಸರಿಯುವ ಭಾದ್ರಪದದ ಹೊತ್ತಿಗೆ ಮುರಕಲ್ಲಿನ ಹಾಸಿನ ಮೇಲೆ ತೆಳುವಾಗಿ ನಿಂತ ನೀರಿನಲ್ಲಿ ಗೇಣೆತ್ತರವೂ ಇಲ್ಲದ ನೀಲಿ ಹೂಗಳು ಹಾಸಿದಂತೆ ಅರಳುತ್ತವೆ. ಮಲೆಯಾಳದಲ್ಲಿ ಅದನ್ನು ಕಾಕ್ಕಪ್ಪೂವು ಎನ್ನುತ್ತಾರೆ. ಓಣಂ ಹಬ್ಬದ ಪೂಕಳಕ್ಕೆ ಮಕ್ಕಳು ಕೊಯ್ದು ತರುವುದುಂಟು. ನೋಡಲು ಇಷ್ಟು ಸೌಮ್ಯವಾದ ಈ ಗಿಡ, ಬೇರಿನ ಬಳಿಯಿರುವ ಸೂಕ್ಷ್ಮವಾದ ಚೀಲಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಹಿಡಿದು ಜೀರ್ಣಿಸಿಕೊಳ್ಳುತ್ತದೆ. ಸಾರವಿಲ್ಲದ ಕಲ್ಲಿನ ಮೇಲೆ ಬದುಕಲು ಅದು ಕಂಡುಕೊಂಡ ಉಪಾಯ ಅದು. ಅದರ ಪಕ್ಕದಲ್ಲೇ ಅಂಟುಹನಿಗಳ ಕೂದಲುಳ್ಳ ಇನ್ನೊಂದು ಗಿಡವು ಸೊಳ್ಳೆಯನ್ನು ಹಿಡಿದುಕೊಂಡಿರುತ್ತದೆ. ವಿಜ್ಞಾನದ ಪುಸ್ತಕದಲ್ಲಿ ‘ಕೀಟಾಹಾರಿ ಸಸ್ಯಗಳು’ ಎಂಬ ಪಾಠಕ್ಕೆ ಯಾವುದೋ ದೂರದೇಶದ ಹೂಜಿಗಿಡದ ಚಿತ್ರವಿರುತ್ತದೆ. ನಮ್ಮ ಶಾಲೆಯ ಹಿಂದಿನ ಕಲ್ಲಿನ ಮೇಲೆ ಅದೇ ಪಾಠವು ಪ್ರತಿವರ್ಷ ಅರಳಿ ಬಾಡುತ್ತಿದೆ.

ಆ ಕಲ್ಲಿನ ಬಗ್ಗೆಯೂ ಒಂದು ಮಾತು. ನಾವು ಮುರಕಲ್ಲು ಎನ್ನುವ ಈ ಕೆಂಪುಕಲ್ಲಿಗೆ ಲೋಕದ ಭೂವಿಜ್ಞಾನಿಗಳೆಲ್ಲ ಬಳಸುವ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಆತ ಅದನ್ನು ಬಣ್ಣಿಸಿದ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಹೆಸರಿನಿಂದ ಆ ಪದವನ್ನು ಮಾಡಿಕೊಂಡ. ಏಕೆಂದರೆ ಇಲ್ಲಿನವರು ನೆಲದೊಳಗಿನ ಕಲ್ಲನ್ನು ಇಟ್ಟಿಗೆಯಂತೆ ಕಡಿದು ತೆಗೆದು ಗಾಳಿಗೆ ಒಣಗಲು ಬಿಡುವುದನ್ನು ಆತ ನೋಡಿದ್ದ. ನಮ್ಮ ಶಾಲೆಯ ಹಳೆಯ ಕಟ್ಟಡದ ಗೋಡೆಗಳೂ ಅದೇ ಕಲ್ಲಿನವು. ಗುಡ್ಡೆಯನ್ನು ಹತ್ತಿದ ಮಗುವಿಗೆ ತಾನು ಕುಳಿತು ಓದುವ ಕೋಣೆ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ.

ಕುಡಿಯುವ ನೀರು ಎಲ್ಲಿಂದ ಬಂತೆಂಬುದೂ ತಿಳಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿದರೂ ಎಪ್ರಿಲ್ ತಿಂಗಳಿಗೆ ಬಾವಿಯ ತಳ ಕಾಣುತ್ತದೆ. ಬಾಯಾರು, ಪಡ್ರೆ, ಎಣ್ಮಕಜೆ ಕಡೆಯ ಹಿರಿಯರು ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಆಳೆತ್ತರದ ಸುರಂಗಗಳನ್ನು ಕೊರೆದು, ಕಲ್ಲಿನ ಸಂದುಗಳಿಂದ ಜಿನುಗುವ ನೀರನ್ನು ಹೊರಗೆ ಹರಿಸಿ ತೋಟ ಎಬ್ಬಿಸಿದರು. ಮೇಲಿನ ಪದವು ಮಳೆಯನ್ನು ಕುಡಿದರೆ ಮಾತ್ರ ಕೆಳಗಿನ ಸುರಂಗದಲ್ಲಿ ನೀರು. ಈ ಸರಳವಾದ ಸಂಗತಿಯನ್ನು ನಾನು ಮೂವತ್ತು ವರ್ಷಕಾಲ ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ವಿವರಿಸಿದ್ದೇನೆ. ಪದವಿನ ಮೇಲೆ ನಿಂತು ಬಳಿಕ ಸುರಂಗದ ಬಾಯಿಗೆ ಇಳಿದು ಬಂದ ಮಗುವಿಗೆ ಹಲಗೆಯೂ ಬೇಡ, ಬಾಣವೂ ಬೇಡ. ಇಂದು ಯಂತ್ರಗಳು ಪದವುಗಳನ್ನು ಕೊಯ್ದು ಕಲ್ಲು ಸಾಗಿಸುತ್ತಿರುವಾಗ ಕೆಳಗಿನ ಬಾವಿ ಏಕೆ ಬತ್ತಿತೆಂದು ಪ್ರಶ್ನಿಸಬೇಕಾದವರು ನಾಳೆ ಈ ಮಕ್ಕಳೇ.

ಐದರಿಂದ ಏಳನೆಯ ತರಗತಿಯವರಿಗೆ ಪೊಸಡಿಗುಂಪೆ. ಧರ್ಮತ್ತಡ್ಕದ ಸಮೀಪದ ಈ ಬೆಟ್ಟ ಸಮುದ್ರ ಮಟ್ಟದಿಂದ ಸಾವಿರ ಅಡಿಗೂ ಮಿಕ್ಕಿ ಎತ್ತರವಿದೆ. ಆದರೆ ಅದರ ಬಹುಭಾಗವನ್ನು ರಸ್ತೆಯೇ ಹತ್ತಿಸುವುದರಿಂದ ಕಾಲಿಗೆ ಉಳಿಯುವ ಏರು ಸೌಮ್ಯವಾದದ್ದು, ತುದಿಯಲ್ಲಿ ಹುಲ್ಲು. ಡಿಸೆಂಬರ್ ಜನವರಿಯ ಒಂದು ಶುಭ್ರವಾದ ಬೆಳಗ್ಗೆ ಹೋದರೆ ಪಶ್ಚಿಮಕ್ಕೆ ಅರಬೀ ಸಮುದ್ರ, ಬಡಗಣಕ್ಕೆ ಮಂಗಳೂರಿನ ಕಡೆಯ ಕರಾವಳಿ, ಈಶಾನ್ಯದ ದಿಗಂತದಲ್ಲಿ ಕುದುರೆಮುಖದ ಸಾಲು. ಭೂಪಟದ ಪುಸ್ತಕವನ್ನು ಜೊತೆಯಲ್ಲಿ ಒಯ್ಯಬೇಕೆಂಬುದು ನನ್ನ ಸಲಹೆ. ದಿಕ್ಕು ತಿಳಿಯದ ಮಗು ಅಲ್ಲಿ ಹತ್ತು ನಿಮಿಷದಲ್ಲಿ ದಿಕ್ಕು ಕಲಿಯುತ್ತದೆ. ವಾಹನವನ್ನು ಸಾಧ್ಯವಾದಷ್ಟು ಕೆಳಗೆ ನಿಲ್ಲಿಸಿ ಉಳಿದುದನ್ನು ನಡೆಯಬೇಕು. ಜೀಪಿನಲ್ಲಿ ಮೇಲಕ್ಕೇರಿ ಭಾವಚಿತ್ರ ತೆಗೆಸಿಕೊಂಡು ಇಳಿಯುವುದನ್ನು ನಾನು ಬೆಟ್ಟ ಹತ್ತುವುದೆಂದು ಒಪ್ಪಲಾರೆ.

ಇದಕ್ಕೂ ಮುಂದಿನದು ರಾಣಿಪುರ. ಕಾಞಂಗಾಡಿನಿಂದ ಪೂರ್ವಕ್ಕೆ ಸುಮಾರು 45 ಕಿಲೋಮೀಟರ್. ಹಳೆಯ ಹೆಸರು ಮಾಡತ್ತುಮಲೆ. 1970ರ ಸುಮಾರಿಗೆ ತೆಂಕಣ ಕೇರಳದಿಂದ ಬಂದು ನೆಲೆಸಿದ ಕೃಷಿಕರ ಕಾಲದಲ್ಲಿ ಈಗಿನ ಹೆಸರು ಬಂತು. ಅರಣ್ಯ ಇಲಾಖೆಯ ಚೀಟಿ ಪಡೆದು, ದಟ್ಟವಾದ ಕಾಡಿನ ನೆರಳಿನಲ್ಲಿ ಸ್ವಲ್ಪ ದೂರ ಹತ್ತಿ, ಬಳಿಕ ಹುಲ್ಲುಗಾವಲಿಗೆ ಹೊರಬಂದರೆ ಸಾವಿರ ಮೀಟರಿನಷ್ಟು ಎತ್ತರದ ತುದಿ. ಆಚೆಗೆ ಕೊಡಗಿನ ಕಾಡು. ನಮ್ಮ ಚಂದ್ರಗಿರಿ ನದಿಯು ಹುಟ್ಟುವುದು ಅದೇ ಬೆಟ್ಟಸಾಲಿನಲ್ಲಿ. ಮೊದಲನೆಯ ತರಗತಿಯಲ್ಲಿ ನದಿಯು ಕಡಲು ಸೇರುವುದನ್ನು ಕೋಟೆಯ ಮೇಲಿನಿಂದ ನೋಡಿದ ಮಗು, ಹದಿಮೂರನೆಯ ವಯಸ್ಸಿನಲ್ಲಿ ಸುಮಾರು 105 ಕಿಲೋಮೀಟರ್ ಉದ್ದದ ಆ ನದಿಯ ಹುಟ್ಟಿನ ದಿಕ್ಕನ್ನು ನೋಡಬೇಕು. ಮಳೆಗಾಲದಲ್ಲಿ ಅಲ್ಲಿ ಇಂಬಳದ ಕಾಟ ವಿಪರೀತ. ಉಪ್ಪು ಕಟ್ಟಿದ ಬಟ್ಟೆಯ ಗಂಟೊಂದು ಕೈಯಲ್ಲಿದ್ದರೆ ಸಾಕಾದರೂ ಸಣ್ಣವರು ಹೆದರಿ ಅಳುತ್ತಾರೆ. ಆನೆ ಸುಳಿದಾಡುವ ಕಾಲದಲ್ಲಿ ಇಲಾಖೆಯವರು ದಾರಿ ಮುಚ್ಚುವುದುಂಟು. ಆದುದರಿಂದ ಮುಂಚಿತವಾಗಿ ವಿಚಾರಿಸಿಯೇ ಹೊರಡಬೇಕು.

ಇದಕ್ಕೂ ಕನ್ನಡಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಉತ್ತರವನ್ನು ಊರುಗಳ ಹೆಸರುಗಳೇ ಕೊಡುತ್ತವೆ. ಬದಿಯಡ್ಕ, ಕಾರಡ್ಕ, ಬೇಡಡ್ಕ, ಧರ್ಮತ್ತಡ್ಕ. ಅಡ್ಕವೆಂದರೆ ಕಲ್ಲುಹಾಸಿನ ಬಯಲು ನೆಲ. ಬೈಲು ಎಂದರೆ ತೋಡಿನ ಬದಿಯ ತಗ್ಗಿನ ಗದ್ದೆ, ಅದಕ್ಕಿಂತ ಮೇಲಿನದು ಮಜಲು, ಇನ್ನೂ ಮೇಲಿನದು ಬೆಟ್ಟು. ಕಾಲ್ನಡಿಗೆಯಲ್ಲಿ ತೋಡಿನಿಂದ ಹೊರಟು ಪದವಿನ ವರೆಗೆ ಹತ್ತಿದ ಮಗುವು ಈ ನಾಲ್ಕು ಪದಗಳ ಮೇಲೆಯೇ ನಡೆದಿರುತ್ತದೆ. ನಿಘಂಟು ತೆರೆಯುವ ಆವಶ್ಯಕತೆಯೇ ಇಲ್ಲ. 2021ರಲ್ಲಿ ನಮ್ಮ ಊರುಗಳ ಹೆಸರುಗಳನ್ನು ಬದಲಿಸುತ್ತಾರೆಂಬ ಸುದ್ದಿ ಎದ್ದಾಗ ನಾವೆಲ್ಲ ಮನವಿಗಳಿಗೆ ಸಹಿ ಹಾಕಿದೆವು. ಅಂತಹ ಪ್ರಸ್ತಾಪವೇ ಇಲ್ಲವೆಂದು ಕೇರಳ ಸರಕಾರ ಹೇಳಿತು. ಆಗ ಸಹಿ ಹಾಕಿದ್ದು ಸರಿಯೇ. ಆದರೆ ಅದೇ ದಿನಗಳಲ್ಲಿ ಶಾಲೆಯ ಮಕ್ಕಳೊಡನೆ ‘ಅಡ್ಕ ಎಂದರೇನು?’ ಎಂದು ವಿಚಾರಿಸಿದಾಗ ನೆಲ ನೋಡಿದವರೇ ಹೆಚ್ಚು. ಅರ್ಥ ತಿಳಿಯದ ಹೆಸರನ್ನು ಯಾರು ಎಷ್ಟು ದಿನ ಕಾಪಾಡಿಯಾರು?

ಈ ಪದಗಳಲ್ಲಿ ಎಷ್ಟು ಕನ್ನಡದವು, ಎಷ್ಟು ತುಳುವಿನವು ಎಂದು ತಕರಾರು ತೆಗೆಯುವ ಪಂಡಿತರೂ ನಮ್ಮಲ್ಲಿದ್ದಾರೆ. ನಮ್ಮದು ಸಪ್ತಭಾಷೆಗಳ ನೆಲವೆಂದು ಸಭೆಗಳಲ್ಲಿ ಹೆಮ್ಮೆಪಡುತ್ತೇವೆ. ಕನ್ನಡ ಶಾಲೆಯ ಒಂದೇ ಬೆಂಚಿನಲ್ಲಿ ಮನೆಯಲ್ಲಿ ತುಳು ಆಡುವ, ಹವ್ಯಕ ಕನ್ನಡ ಆಡುವ, ಮಲೆಯಾಳ ಆಡುವ, ಮರಾಟಿ, ಕೊಂಕಣಿ, ಬ್ಯಾರಿ ಆಡುವ ಮಕ್ಕಳು ಕುಳಿತಿರುತ್ತಾರೆ. ಗುಡ್ಡೆಯ ಮೇಲೆ ಒಂದು ಮುಳ್ಳಿನ ಗಿಡವನ್ನು ತೋರಿಸಿ ಹೆಸರು ಕೇಳಿದರೆ ಐದು ಹೆಸರು ಬರುತ್ತದೆ. ಆ ಐದನ್ನೂ ಕನ್ನಡದ ಲಿಪಿಯಲ್ಲಿ ಒಂದೇ ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ನಮ್ಮ ಶಾಲೆಯಲ್ಲದೆ ಬೇರೆ ಯಾರು ಮಾಡಬೇಕು?

ಇನ್ನು ಹೆತ್ತವರ ಭಯ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಸಂಭವಿಸಿದ ಭೂಕುಸಿತದ ಬಳಿಕ ಬೆಟ್ಟವೆಂದರೆ ತಾಯಂದಿರ ಎದೆ ನಡುಗುವುದು ಸಹಜ. ನಮ್ಮ ಜಿಲ್ಲೆಯ ಗುಡ್ಡೆಗಳಿಗೆ ಇನ್ನೊಂದು ಕಹಿ ನೆನಪೂ ಇದೆ. 1970ರ ದಶಕದ ಕೊನೆಯಿಂದ 2000ದ ವರೆಗೆ ಗೇರುತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳಲ್ಲಿ ನಡೆಯಲಾರದೆ ಬೆಳೆದ ಮಕ್ಕಳನ್ನು ನಾವು ಕಂಡಿದ್ದೇವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶವಿಡೀ ತಡೆಯಿತು. ಗುಡ್ಡೆಗೆ ಬಾರದ ಜನ ಗುಡ್ಡೆಯ ಮೇಲೆ ಏನು ನಡೆಯುತ್ತಿದೆ ಎಂದು ಕೇಳುವುದಿಲ್ಲ. ಆ ಇಪ್ಪತ್ತು ವರ್ಷಗಳ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಹೀಗನ್ನಿಸುವುದುಂಟು.

ಭಯಕ್ಕೆ ಔಷಧಿ ಎಚ್ಚರಿಕೆ. ಜೂನ್‌ನಿಂದ ಆಗಸ್ಟ್ ವರೆಗೆ ಎತ್ತರದ ಬೆಟ್ಟಗಳ ಸುದ್ದಿ ಬೇಡ. ಆಗ ಮುರಕಲ್ಲಿನ ಮೇಲೆ ಪಾಚಿ ಕಟ್ಟಿ ಹಿರಿಯರೂ ಜಾರುತ್ತಾರೆ. ತುಲಾಮಾಸದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ತಪ್ಪಿದ್ದಲ್ಲ, ಬೋಳು ಪದವಿನ ಮೇಲೆ ನಿಂತ ಮನುಷ್ಯನೇ ಅಲ್ಲಿ ಎತ್ತರದ ವಸ್ತು. ಆದುದರಿಂದ ಆ ತಿಂಗಳುಗಳಲ್ಲಿ ಬೆಳಗ್ಗೆ ಏಳಕ್ಕೆ ಹೊರಟು ಹನ್ನೊಂದಕ್ಕೆ ಇಳಿದಿರಬೇಕು. ಎಲ್ಲಕ್ಕಿಂತ ಹೆಚ್ಚಿನ ಅಪಾಯ ಕಲ್ಲು ತೆಗೆದು ಹಾಗೆಯೇ ಬಿಟ್ಟ ಹೊಂಡಗಳದ್ದು. ಮಳೆನೀರು ತುಂಬಿದ ಆ ಹೊಂಡಗಳು ನೋಡಲು ಕೆರೆಯಂತಿದ್ದರೂ ಇಳಿಯಲು ಮೆಟ್ಟಿಲಿಲ್ಲ, ಹತ್ತಲು ಹಿಡಿಯಿಲ್ಲ. ಮಕ್ಕಳನ್ನು ಕರೆದೊಯ್ಯುವ ಮುನ್ನ ಇಬ್ಬರು ಹಿರಿಯರು ದಾರಿಯನ್ನು ಒಮ್ಮೆ ನಡೆದು ನೋಡಿರಲೇಬೇಕು. ಐದು ಮಕ್ಕಳಿಗೆ ಒಬ್ಬರಂತೆ ದೊಡ್ಡವರು, ಮುಂದೆ ಒಬ್ಬರು, ಹಿಂದೆ ಒಬ್ಬರು. ಎಲ್ಲರಿಗಿಂತ ಸಣ್ಣ ಮಗುವಿನ ಹೆಜ್ಜೆಯೇ ಇಡೀ ಗುಂಪಿನ ಹೆಜ್ಜೆ. ದಾರಿಯಲ್ಲಿ ಇರುವೆಯ ಗೂಡು ಕಂಡು ಕುಳಿತುಬಿಟ್ಟರೆ ಕುಳಿತುಕೊಳ್ಳಲಿ. ತುದಿ ಮುಟ್ಟದಿದ್ದರೆ ಏನೂ ನಷ್ಟವಿಲ್ಲ. ಕಾಲಿಗೆ ಹಿಂಬದಿಯೂ ಮುಚ್ಚಿದ ಚಪ್ಪಲಿ, ತಲೆಗೊಂದು ಟೊಪ್ಪಿ, ತಲೆಗೆ ಒಂದು ಲೀಟರ್ ನೀರು. ತಿನ್ನಲು ಅವಲಕ್ಕಿ, ಬೆಲ್ಲ, ಬಾಳೆಹಣ್ಣು. ಪೊಟ್ಟಣದ ತಿಂಡಿ ಬೇಡ. ಒಯ್ದ ಕಾಗದವನ್ನು ಮರಳಿ ತರಬೇಕು.

ಅಧ್ಯಾಪಕರ ಕಷ್ಟವೂ ನನಗೆ ಗೊತ್ತಿಲ್ಲದ್ದಲ್ಲ. ಅನುಮತಿ ಪತ್ರ, ಒಪ್ಪಿಗೆ ಪತ್ರ, ಏನಾದರೂ ಆದರೆ ಹೊಣೆ ಯಾರದೆಂಬ ಪ್ರಶ್ನೆ. ಇದನ್ನು ಇಬ್ಬರು ಮೂವರು ಶಿಕ್ಷಕಿಯರ ತಲೆಗೆ ಕಟ್ಟಿ ಊರವರು ಕೈತೊಳೆದುಕೊಳ್ಳುವುದಾದರೆ ನನ್ನ ಸಲಹೆಯನ್ನು ಇಲ್ಲಿಗೇ ಕೈಬಿಡುವುದು ಲೇಸು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು. ಆದರೆ ಎಲ್ಲ ಊರಿಗೂ ಒಬ್ಬೊಬ್ಬ ಕಾರಂತರು ಹುಟ್ಟಿಬರುವುದಿಲ್ಲ. ನಮ್ಮಲ್ಲಿರುವುದು ಹಿರಿಯ ವಿದ್ಯಾರ್ಥಿಗಳ ಸಂಘ ಮತ್ತು ರಕ್ಷಕ ಶಿಕ್ಷಕ ಸಂಘ. ಬೆಂಗಳೂರಿನಿಂದಲೂ ಗಲ್ಫಿನಿಂದಲೂ ರಜೆಗೆ ಬರುವ ನಮ್ಮ ಹಳೆಯ ವಿದ್ಯಾರ್ಥಿಗಳು ‘ಶಾಲೆಗೆ ಏನು ಬೇಕು ಮಾಸ್ಟ್ರೇ?’ ಎಂದು ಕೇಳುತ್ತಾರೆ. ಗಡಿಯಾರವೋ ಬೀರುವೋ ಆದರೆ ಅವರು ಅಂದೇ ತರಿಸಿಕೊಟ್ಟಾರು. ನಾನು ಅವರಿಂದ ಕೇಳುವುದು ಒಂದು ಬೆಳಗಿನ ಸಮಯ.

ಮಹೋತ್ಸವ ಸಮಿತಿಯ ಮುಂದೆ ಶಾಲೆಯ ಎದುರಿಗೆ ಸ್ವಾಗತ ದ್ವಾರವೊಂದನ್ನು ಕಟ್ಟುವ ಯೋಜನೆಯಿದೆ. ದ್ವಾರ ಬೇಡವೆನ್ನುವ ಅಧಿಕಾರ ನನಗಿಲ್ಲ, ದಾನಿಗಳ ಉತ್ಸಾಹಕ್ಕೆ ತಣ್ಣೀರೆರಚುವ ಇಚ್ಛೆಯೂ ಇಲ್ಲ. ಆದರೆ ಒಂದನೆಯ ತರಗತಿಗೆ ಸೇರುವ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವಾಗ, ದ್ವಾರದ ಕೆಳಗೆ ಯಾರು ಹಾದುಹೋಗುವರೆಂಬ ಪ್ರಶ್ನೆಯನ್ನು ಸಮಿತಿಯ ಸಭೆಯಲ್ಲಿ ಕೇಳಿದ್ದೇನೆ, ಇಲ್ಲಿಯೂ ಕೇಳುತ್ತಿದ್ದೇನೆ. ಪೇಟೆಯ ಆಂಗ್ಲ ಮಾಧ್ಯಮ ಶಾಲೆಯ ಕಟ್ಟಡದೊಡನೆ ನಾವು ಸ್ಪರ್ಧಿಸಲಾರೆವು. ಊರಿನ ನೆಲವನ್ನು ಊರಿನ ಮಾತಿನಲ್ಲಿ ಮಗುವಿಗೆ ಪರಿಚಯಿಸುವುದರಲ್ಲಿ ನಮ್ಮೊಡನೆ ಸ್ಪರ್ಧಿಸುವವರು ಯಾರೂ ಇಲ್ಲ. ಸಂಗ್ರಹವಾದ ನಿಧಿಯ ಹತ್ತರಲ್ಲಿ ಒಂದು ಭಾಗವನ್ನು ಬ್ಯಾಂಕಿನಲ್ಲಿಟ್ಟರೂ ಅದರ ಬಡ್ಡಿಯಲ್ಲಿ ಪ್ರತಿವರ್ಷದ ನಡಿಗೆಯ ವಾಹನದ ಬಾಡಿಗೆ, ಅವಲಕ್ಕಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲವೂ ನಡೆದೀತು. ನಡೆಯಲಾಗದ ಮಗುವಿದ್ದರೆ ಅದನ್ನು ಎತ್ತಿಕೊಂಡು ಹೋಗುವ ತೋಳುಗಳಿಗೆ ಬಡ್ಡಿಯ ಹಣವೂ ಬೇಕಿಲ್ಲ.

ಬರುವ ಡಿಸೆಂಬರ್ ತಿಂಗಳ ಮೊದಲ ಶನಿವಾರ ಒಂದು ಮತ್ತು ಎರಡನೆಯ ತರಗತಿಯ ಇಪ್ಪತ್ತಮೂರು ಮಕ್ಕಳನ್ನು ಚಂದ್ರಗಿರಿ ಕೋಟೆಗೆ ಕರೆದೊಯ್ಯಲು ಶಾಲೆಯ ಇಬ್ಬರು ಅಧ್ಯಾಪಿಕೆಯರು ಒಪ್ಪಿರುವರು. ಮೇಲಿನ ಲೆಕ್ಕದಂತೆ ಇನ್ನೂ ಮೂವರು ಹಿರಿಯರು ಬೇಕು. ಅವರಲ್ಲಿ ಒಬ್ಬನಾಗಿ ನನ್ನ ಹೆಸರನ್ನು ಬರೆಸಿದ್ದೇನೆ. ಉಳಿದ ಎರಡು ಸ್ಥಾನಗಳಿಗೆ ಹೆಸರು ಕೊಡಬಯಸುವವರು ನವೆಂಬರ್ ಇಪ್ಪತ್ತರೊಳಗೆ ಶಾಲಾ ಕಚೇರಿಯಲ್ಲಿ ತಿಳಿಸಬೇಕಾಗಿ ವಿನಂತಿ.